ಅಪ್ಪ ಕೊಟ್ಟ ಸಾಕ್ಷಿ

ಡ್ರೈವಿಂಗ್ ಮಾಸ್ತರರ ಮನೆಯಲ್ಲಿ ಆ ಭಾನುವಾರ ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಎಲ್ಲರಿಗೂ ಗೊತ್ತಾಯಿತು, ಆದರೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮಾಸ್ತರರು ಇನ್ನೊಂದಿಷ್ಟು ಅನ್ನ ಹಾಕಿಸಿಕೊಂಡು ಗಟ್ಟಿಯಾಗಿ ಕಲಸಿ, "ಆಹಾ! ನಿನ್ನ ಕೈರುಚಿ ವಾಪಸ್ ಬಂದ್ಬಿಡ್ತು ನೋಡು ಮಗಳೇ," ಎಂದರು.

ಮಾಸ್ತರರ ಹೆಂಡತಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಚಿಟಿಕೆ ಉಪ್ಪು ಹೆಚ್ಚಾದರೆ ನೂರು ಜನರ ಬಾಯಿಗೆ ಬೀಳುವವಳು. ಅವಳು ತಟ್ಟೆಯಿಂದ ತಲೆಯೆತ್ತದೆ ನುಂಗಿದಳು. ಅಜ್ಜಿ ಮೂರನೇ ಲೋಟ ನೀರು ಬಗ್ಗಿಸಿಕೊಂಡಳು.

"ಯಾಕಜ್ಜಿ ಇಷ್ಟು ನೀರು ಕುಡೀತಿದ್ದೀಯ?" ಎಂದು ಕೇಳಿದಳು, ಅಡುಗೆ ಮಾಡಿದ ದೊಡ್ಡ ಮಗಳು.

"ಸೆಕೆ ಕಣೇ," ಎಂದಳು ಅಜ್ಜಿ, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ.

ಹೈಸ್ಕೂಲಿನಲ್ಲಿ ಓದುವ ಚಿಕ್ಕವಳಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಮಾಸ್ತರರು ಕಣ್ಣಲ್ಲೇ ಗದರಿಸಿದರು. ದೊಡ್ಡವಳೂ ಅದನ್ನೇ ತಿಂದಳು. ತಲೆಗೆ ಪೆಟ್ಟಾದ ಮೇಲೆ ಅವಳ ನಾಲಿಗೆಗೆ ರುಚಿ ಪೂರ್ತಿ ಮರಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದ್ದು ಮಾತ್ರ ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ಮನೆಮಂದಿಯೆಲ್ಲ ಸೇರಿ ನೋಡಿಕೊಂಡಿದ್ದರು.

ಏಳೆಂಟು ತಿಂಗಳ ಹಿಂದೆ ಕಾಲೇಜಿನಿಂದ ಬರುವಾಗ ಬಸ್ಸಿಗೆ ಕಾಯುತ್ತ ನಿಂತವಳ ತಲೆಯ ಮೇಲೆ ಪಕ್ಕದ ಅಂಗಡಿಯ ಬೋರ್ಡು ಕಳಚಿ ಬಿದ್ದಿತ್ತು. ಬಿರುಗಾಳಿಯೇನೂ ಇರಲಿಲ್ಲ. ಒಣಗಲು ಹಾಕಿದ ಟವೆಲು ಹಾರುವಷ್ಟು ಗಾಳಿ, ಅಷ್ಟೇ. ಆಸ್ಪತ್ರೆಯಲ್ಲಿ ತಲೆ ಬೋಳಿಸಿ, ಬುರುಡೆ ತೆರೆದು, ಮುಚ್ಚಿದರು. ಎಷ್ಟೋ ದಿನದ ಮೇಲೆ ಕಣ್ಣುಬಿಟ್ಟವಳು ಎದುರಿಗೆ ನಿಂತಿದ್ದ ಅಪ್ಪನನ್ನು ನೋಡಿ, "ನೀವ್ಯಾರು?" ಎಂದಳು. ಮರುದಿನವೇ ಗುರುತು ಹಿಡಿದಳು ನಿಜ. ಆದರೆ ಮಾಸ್ತರರ ಎದೆಯಲ್ಲಿ ಆ ಮಾತು ಮುರಿದ ಮುಳ್ಳಿನ ತುದಿಯ ಹಾಗೆ ಒಳಗೇ ಉಳಿಯಿತು.

ಮನೆಗೆ ಬಂದ ಹೊಸದರಲ್ಲಿ ಅವಳು ಹೇಳಿದ್ದನ್ನೇ ಹೇಳುತ್ತಿದ್ದಳು. "ಈಗ ತಾನೇ ಹೇಳಿದ್ಯಲ್ಲಕ್ಕ," ಎಂದು ಚಿಕ್ಕವಳು ಒಮ್ಮೆ ಅಂದದ್ದಕ್ಕೆ ತಲೆ ಹಿಡಿದುಕೊಂಡು ಕಿರುಚಿ, ಅತ್ತು, ಸುಸ್ತಾಗಿ ಬಿದ್ದುಬಿಟ್ಟಳು. ಅವಳಿಗೆ ಆಯಾಸ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ಮಾಸ್ತರರ ಸ್ವಂತ ಬುದ್ಧಿ.

ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಮಾಸ್ತರರ ಕಾಲಡಿ ಇನ್ನೊಂದು ಬ್ರೇಕು. ಬೇರೆ ಮಾಸ್ತರುಗಳು ಬ್ರೇಕು ಒತ್ತಿ, "ಏನ್ರೀ, ಸಾಯ್ಸ್ತೀರಾ?" ಎಂದು ಬೈದರೆ, ಇವರು ಗೊತ್ತೇ ಆಗದಂತೆ ಹಗುರಾಗಿ ಒತ್ತಿ, "ಭೇಷ್, ಸರಿಯಾದ ಟೈಮಿಗೆ ನಿಲ್ಲಿಸಿದ್ರಿ!" ಎನ್ನುತ್ತಿದ್ದರು. ಕಲಿಯುವವರಿಗೆ ಖುಷಿಯೋ ಖುಷಿ. ಲೈಸೆನ್ಸಿನ ಪರೀಕ್ಷೆಯ ದಿನ ಮಾತ್ರ ಆ ಸೀಟಿನಲ್ಲಿ ಅಧಿಕಾರಿ ಕೂತಿರುತ್ತಿದ್ದ, ಅವನು ಏನೂ ಒತ್ತುತ್ತಿರಲಿಲ್ಲ. ಅರ್ಧಕ್ಕರ್ಧ ಜನ ಫೇಲು. "ಗಾಬರಿ, ಬರೀ ಗಾಬರಿ," ಎಂದು ಮಾಸ್ತರರು ಮತ್ತೆ ಕಲಿಸುತ್ತಿದ್ದರು. ಅದೇ ವಿದ್ಯೆಯನ್ನು ಅವರು ಮನೆಗೂ ತಂದರು. ದೊಡ್ಡವಳು ಸ್ಟವ್ ಆರಿಸದೆ ಬಂದರೆ ಯಾರಾದರೂ ಸುಮ್ಮನೆ ಹೋಗಿ ಆರಿಸಬೇಕು. ಕೇಳಿದ್ದನ್ನೇ ಕೇಳಿದರೆ ಹೊಸದಾಗಿ ಕೇಳಿದಂತೆ ಉತ್ತರ ಕೊಡಬೇಕು. ಹಳೆಯ ಜೋಕಿಗೆ ಹೊಸ ನಗು ನಗಬೇಕು.

ತಿಂಗಳು ಕಳೆದಂತೆ ಅವಳು ನಿಜವಾಗಿಯೂ ಸುಧಾರಿಸಿದಳು. ಕೂದಲು ಕಿವಿ ಮುಟ್ಟುವಷ್ಟು ಬೆಳೆಯಿತು. ಬೆಳಗಿನ ಹೊತ್ತು ಮೊದಲಿನಂತೆಯೇ ಚುರುಕು. ಮಧ್ಯಾಹ್ನದ ಮೇಲೆ, ದಣಿವಾದಾಗ ಮಾತ್ರ ಆಗತಾನೇ ಆದದ್ದು ಅವಳ ನೆನಪಿನಿಂದ ಜಾರಿಹೋಗುತ್ತಿತ್ತು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವಳಿಗೆ ಗೊತ್ತಿತ್ತು.

"ನಾನು ಕಾಲೇಜಿಗೆ ಹೋಗ್ತೀನಿ," ಎಂದಳು ಅವಳು, ಆ ಭಾನುವಾರದ ಊಟ ಮುಗಿದ ಮೇಲೆ. ಅವಳು ಓದುತ್ತಿದ್ದದ್ದು ಔಷಧ ತಯಾರಿಸುವ ಫಾರ್ಮಸಿ.

"ಹೋಗು ಮಗಳೇ, ಧಾರಾಳವಾಗಿ ಹೋಗು," ಎಂದರು ಮಾಸ್ತರರು.

ಪಾತ್ರೆ ತೊಳೆಯುವಲ್ಲಿ ಹೆಂಡತಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಔಷಧಿ ಕಲಸೋ ಓದು ರೀ ಅದು, ಪಲ್ಯ ಅಲ್ಲ. ಅಲ್ಲಿ ಅವಳ ಹಿಂದೆ ಯಾರು ಸ್ಟವ್ ಆರಿಸ್ತಾ ತಿರುಗ್ತಾರೆ? ಅವಳಿಗೆ ಹೇಳ್ಬಿಡೋಣ."

"ಏನಂತ ಹೇಳ್ತೀಯೇ? ನಿನ್ನ ತಲೆ ಸರಿ ಇಲ್ಲ ಅಂತ ಹೇಳ್ತೀಯಾ?"

"ಮರೀತೀಯ ಅಂತ ಹೇಳೋದಕ್ಕೂ ತಲೆ ಸರಿ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ?"

"ಓಡಾಡ್ತಾ ಓಡಾಡ್ತಾ ಎಲ್ಲ ಸರಿಹೋಗುತ್ತೆ. ನೀನು ಅಪಶಕುನ ನುಡೀಬೇಡ."

ಡಾಕ್ಟರ ಮುಂದೆಯೂ ಅದೇ ಕಥೆ. "ಮರೆವು ಏನಾದ್ರೂ?" ಎಂದು ಕೇಳಿದಾಗ ದೊಡ್ಡವಳು ಪ್ರಾಮಾಣಿಕವಾಗಿ, "ಇಲ್ಲ ಡಾಕ್ಟ್ರೇ," ಎಂದಳು. ಅವರು ಮನೆಯವರ ಕಡೆ ತಿರುಗಿದರು. ಡಾಕ್ಟರು ಬಾಯಿ ತೆರೆಯುವ ಮೊದಲೇ ಮಾಸ್ತರರು, "ಫಸ್ಟ್ ಕ್ಲಾಸಾಗಿದ್ದಾಳೆ ಸಾರ್!" ಎಂದುಬಿಟ್ಟರು. ಹೆಂಡತಿ ನೆಲ ನೋಡುತ್ತ ಕೂತಿದ್ದಳು. ಆಗ ಸುಮ್ಮನಿದ್ದದ್ದಕ್ಕೆ ಆಮೇಲೆ ತನ್ನನ್ನೇ ಎಷ್ಟು ಹಳಿದುಕೊಂಡಳೋ.

ಮೊದಲ ಎರಡು ವಾರ ಕಾಲೇಜು ಸುಸೂತ್ರವಾಗಿ ನಡೆಯಿತು. ಬೆಳಿಗ್ಗೆ ಕಾರಿನಲ್ಲಿ ಮಾಸ್ತರರೇ ಬಿಡುತ್ತಿದ್ದರು, ಸಂಜೆ ಚಿಕ್ಕವಳು ಬಸ್ಸಿನಲ್ಲಿ ಕರೆತರುತ್ತಿದ್ದಳು. ಲ್ಯಾಬಿನಲ್ಲಿ ಅವಳಿಗೆ ಜೊತೆಯಾದ ಹುಡುಗಿ ದಪ್ಪ ಕನ್ನಡಕದವಳು, ಇಡೀ ಕ್ಲಾಸಿಗೆ ಸೋಡಾಬುಡ್ಡಿ. ದೂರದ ಊರಿನಿಂದ ಬಂದು ಕಾಲೇಜಿನ ಹಿಂದಿನ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದಳು. "ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾಳಪ್ಪ, ಆದ್ರೆ ಒಳ್ಳೆಯವಳು," ಎಂದು ದೊಡ್ಡವಳು ಊಟದ ಹೊತ್ತಿಗೆ ಹೇಳಿದಳು. ಕೈ ತೊಳೆದು ಬಂದು ಮತ್ತೊಮ್ಮೆ ಹೇಳಿದಳು. "ಹೌದಾ! ಯಾರವಳು?" ಎಂದು ಮಾಸ್ತರರು ಹುಬ್ಬೇರಿಸಿ ಕೇಳಿದರು.

ಮೂರನೇ ವಾರ ಒಂದು ಮಧ್ಯಾಹ್ನ ಮಾಸ್ತರರು ಹಲ್ಲಿನ ಡಾಕ್ಟರಮ್ಮನೊಬ್ಬರಿಗೆ ವೃತ್ತದಲ್ಲಿ ತಿರುಗಿಸುವುದನ್ನು ಕಲಿಸುತ್ತಿದ್ದಾಗ ಫೋನು ಬಂತು. ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿ ಎತ್ತಿದರು.

"ನಾನು ಕಾಲೇಜಿನ ಲ್ಯಾಬ್ ಮೇಡಂ ಮಾತಾಡ್ತಿರೋದು. ಸ್ಪೀಕರ್ ಹಾಕಿದ್ದೀನಿ, ನಿಮ್ಮ ಮಗಳು, ಅವಳ ಜೊತೆಯವಳು ಇಬ್ಬರೂ ಇಲ್ಲೇ ಇದ್ದಾರೆ. ಇವತ್ತು ಇವರು ಮಾಡಿದ ಔಷಧಿಗೆ ಒಂದೇ ಪುಡಿ ಎರಡು ಸಲ ಬಿದ್ದಿದೆ. ರೋಗಿ ಕುಡಿದಿದ್ರೆ ಜೀವಕ್ಕೇ ಅಪಾಯ. ನಿಮ್ಮ ಮಗಳು ಹಾಕಿದ್ದನ್ನ ಮರೆತು ಇನ್ನೊಂದು ಸಲ ಹಾಕಿದಳು ಅಂತ ಇವಳು ಹೇಳ್ತಾಳೆ. ನಿಮ್ಮ ಮಗಳು, ನಾನು ಒಂದೇ ಸಲ ಹಾಕಿದ್ದು, ಇನ್ನೊಂದು ಸಲ ಇವಳೇ ಹಾಕಿರ್ಬೇಕು ಅಂತ ಆಣೆ ಮಾಡ್ತಾಳೆ. ನನ್ನ ನೆನಪು ಹೇಗಿದೆ ಅಂತ ಬೇಕಾದ್ರೆ ನಮ್ಮಪ್ಪನ್ನೇ ಕೇಳಿ ಅಂದಳು. ಅದಕ್ಕೆ ಕೇಳ್ತಿದ್ದೀನಿ."

ಸ್ಟೀರಿಂಗ್ ಹಿಡಿದಿದ್ದ ಡಾಕ್ಟರಮ್ಮ ಇವರ ಮುಖವನ್ನೇ ನೋಡುತ್ತಿದ್ದರು. ಫೋನಿನೊಳಗಿಂದ ಮಗಳ ದನಿ ಕೇಳಿಸಿತು. "ಹೇಳಪ್ಪ."

ಎಷ್ಟು ನಂಬಿಕೆಯಿತ್ತು ಆ ಮೂರಕ್ಷರದ ದನಿಯಲ್ಲಿ! ಮಾಸ್ತರರ ಕಾಲು ತನಗೆ ತಾನೇ ಬ್ರೇಕಿನ ಮೇಲೆ ಹೋಯಿತು, ನಿಂತ ಕಾರಿನಲ್ಲಿ.

"ಅವಳಿಗೆ ಮರೆವು ಅನ್ನೋದೇ ಇಲ್ಲ ಮೇಡಂ," ಎಂದರು. "ಮನೇಲಿ ಒಂದು ದಿನಾನೂ ಹಾಗಾಗಿಲ್ಲ."

ಆ ಕಡೆ ಯಾರೋ ಬಿಕ್ಕಿದ್ದು ಕೇಳಿಸಿತು. ಅದು ಅವರ ಮಗಳಾಗಿರಲಿಲ್ಲ. ಫೋನು ಇಟ್ಟ ಮೇಲೂ ಡಾಕ್ಟರಮ್ಮ ನೋಡುತ್ತಲೇ ಇದ್ದರು. "ಮಾಸ್ತರೇ, ಮೊನ್ನೆ ಭಾನುವಾರ ಸಂಜೆ ಕಾರಲ್ಲಿ ನಿಮ್ಮ ಮಗಳು ನನ್ನ ಹೆಸರೇನು ಅಂತ ಎಷ್ಟು ಸಲ..."

"ಮುಂದೆ ನೋಡಿ ಓಡ್ಸಿ!" ಎಂದು ಮಾಸ್ತರರು ಗದರಿದರು. ಕಲಿಯಲು ಬಂದವರನ್ನು ಅವರು ಗದರಿದ್ದು ಅದೇ ಮೊದಲು.

ಸಂಜೆ ದೊಡ್ಡವಳು ಗೆದ್ದವಳಂತೆ ಮನೆಗೆ ಬಂದಳು. ತಾಯಿ ಅನ್ನ ಬಸಿಯುತ್ತಿದ್ದಳು, ಅಜ್ಜಿ ಬೀನ್ಸ್ ಮುರಿಯುತ್ತಿದ್ದಳು. "ಅಮ್ಮ, ಇವತ್ತು ಏನಾಯ್ತು ಗೊತ್ತಾ?" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. "ಅಪ್ಪ ಒಂದು ಮಾತು ಹೇಳಿದ್ದೇ ತಡ, ಸೋಡಾಬುಡ್ಡಿ ಮುಖ ಇಷ್ಟೇ ಆಯ್ತು. ತಪ್ಪು ಮಾಡಿ ಸುಳ್ಳು ಬೇರೆ ಹೇಳಿದ್ದಕ್ಕೆ ಅವಳನ್ನ ಲ್ಯಾಬಿಂದ ಆಚೆ ಹಾಕಿದ್ದಾರೆ. ಪಾಪ ಅನ್ನಿಸ್ತು. ಆದ್ರೂ ನನ್ನ ಮೇಲೆ ಹಾಕ್ಬಾರ್ದಿತ್ತು ಅಲ್ವಾ?"

ತಾಯಿಯ ಕೈಯ ತಟ್ಟೆ ಜಾರಿ ಅನ್ನವೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಅವಳು ಗಂಡನ ಕಡೆ ನೋಡಿದ ನೋಟಕ್ಕೆ ಮಾಸ್ತರರು ಹಿತ್ತಿಲ ಬಾಗಿಲಿಗೆ ಹೋಗಿ ನಿಂತರು. ಅವಳೂ ಹಿಂದೆಯೇ ಹೋದಳು.

"ಏನ್ ಮಾಡಿದ್ರಿ ನೀವು? ಇನ್ನೊಬ್ಬರ ಮಗೂನ ಬಲಿ ಕೊಟ್ರಾ?"

"ಅವಳು ಕೇಳಿಸ್ಕೋತಿದ್ದಳು ಕಣೇ. ಸ್ಪೀಕರ್ ಹಾಕಿದ್ರು. ನಾನೇನ್ ಮಾಡ್ಲಿ?"

"ಆ ಹುಡುಗೀನೂ ಕೇಳಿಸ್ಕೋತಿದ್ದಳಲ್ರೀ!"

ಇಷ್ಟು ಹೊತ್ತೂ ಮಾಸ್ತರರ ತಲೆಗೆ ಅದು ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲ ಎಂಬುದೇ ಅವರನ್ನು ಗರಬಡಿದವರಂತೆ ನಿಲ್ಲಿಸಿತು. ಒಳಗಿನಿಂದ ಅಜ್ಜಿ ಕೂಗಿದಳು. "ಏನೋ ಅದು ಪಿಸಿಪಿಸಿ? ಈ ಮನೇಲಿ ಜೋರಾಗಿ ಜಗಳ ಆಡಿ ಎಷ್ಟು ಕಾಲ ಆಯ್ತೋ ಮಾರಾಯ! ಒಳಗೆ ಬಂದು ಆಡಿ."

ಊಟಕ್ಕೆ ಕೂತರು. ಬೇಳೆ, ಬೀನ್ಸು, ಕಟ್ಟೆಯಿಂದ ಬಳಿದು ತೆಗೆದ ಅನ್ನ. ದೊಡ್ಡವಳು ದಣಿದಿದ್ದಳು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಎರಡು ತುತ್ತು ತಿಂದು ತಲೆಯೆತ್ತಿ ಅದೇ ಉತ್ಸಾಹದಲ್ಲಿ, "ಅಮ್ಮ, ಇವತ್ತು ಏನಾಯ್ತು ಗೊತ್ತಾ?" ಎಂದಳು.

ಚಿಕ್ಕವಳ ತುತ್ತು ಕೈಯಲ್ಲೇ ನಿಂತಿತು. ದೊಡ್ಡವಳು ಪುಡಿ, ಮೇಡಂ, ಫೋನು ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದಳು. "ಅಪ್ಪ ಒಂದು ಮಾತು ಹೇಳಿದ್ದೇ ತಡ, ಸೋಡಾಬುಡ್ಡಿ ಮುಖ ಇಷ್ಟೇ..."

"ಇದನ್ನ ಆಗಲೇ ಹೇಳಿದೆ ಮಗಳೇ," ಎಂದರು ಮಾಸ್ತರರು.

ಅವಳು ನಕ್ಕಳು. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಬೇರೆ ಯಾರೂ ನಗಲಿಲ್ಲ. ತಂಗಿಯ ಕಡೆ ತಿರುಗಿದಳು. ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ಹೌದೆಂದು ತಲೆಯಾಡಿಸಿದಳು.

"ಯಾವಾಗ ಹೇಳಿದೆ?"

"ಈಗ ತಾನೇ, ಅನ್ನ ಬಸಿಯೋವಾಗ," ಎಂದಳು ತಾಯಿ.

ದೊಡ್ಡವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ಇವತ್ತು ಒಂದೇ ಸಲ ಹೀಗಾಗಿದ್ದು ಅಲ್ವಾ? ಬೇರೆ ದಿನ ಹೀಗೆ ಮಾಡಲ್ಲ ಅಲ್ವಾ ನಾನು?"

ಅಜ್ಜಿಯೇ, "ಮಾಡ್ತೀಯ ಕಂದ. ದಿನಾ ಮಾಡ್ತೀಯ. ನಾವೆಲ್ಲ ಮುಚ್ಚಿಡ್ತಿದ್ವಿ," ಎಂದಳು.

"ಪಲ್ಯ ಚೆನ್ನಾಗಿದೆ ಅಂತಿದ್ರಲ್ಲ?"

"ಉಪ್ಪುಪ್ಪು ಇರ್ತಿತ್ತು," ಎಂದಳು ಅಜ್ಜಿ.

"ಸ್ಟವ್?"

"ನಾನು ಆರಿಸ್ತಿದ್ದೆ ಅಕ್ಕ," ಎಂದು ಚಿಕ್ಕವಳು ಗಳಗಳ ಅತ್ತುಬಿಟ್ಟಳು.

ದೊಡ್ಡವಳು ಕಿರುಚುತ್ತಾಳೆ, ತಲೆ ಹಿಡಿದುಕೊಳ್ಳುತ್ತಾಳೆ ಎಂದು ಮಾಸ್ತರರು ಅರ್ಧ ಎದ್ದು ನಿಂತಿದ್ದರು. ಅವಳು ಕಿರುಚಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ಎರಡು ಸಲ ಹಾಕಿದ್ದು ನಾನೇ," ಎಂದಳು. "ಅಪ್ಪ, ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮೇಡಂಗೆ ಹಾಗೆ ಹೇಳಿದೆ."

"ನಿನಗೆ ಆಘಾತ ಆಗುತ್ತೆ ಅಂತ ಮಗಳೇ..."

"ಆ ಬೋರ್ಡು ಬಿದ್ದಾಗ ನನಗೆ ಏನೂ ಗೊತ್ತಾಗ್ಲಿಲ್ಲಪ್ಪ. ಇದು ಗೊತ್ತಾಗ್ತಾ ಇದೆ."

ಎದ್ದು ಕೈ ತೊಳೆದು ಕೋಣೆಗೆ ಹೋದಳು. ಬೋರ್ಡು ಬಿದ್ದ ದಿನವೂ ಮಾಸ್ತರರು ಅಷ್ಟು ಬೆಚ್ಚಿರಲಿಲ್ಲ. ಅಂದು ಬೈಯಲು ಒಂದು ಅಂಗಡಿಯಾದರೂ ಇತ್ತು.

ಬೆಳಿಗ್ಗೆ ಅವಳೇ ಬಂದು ಕಾರಿನಲ್ಲಿ ಕೂತಳು. ಪಕ್ಕದಲ್ಲಲ್ಲ, ಹಿಂದಿನ ಸೀಟಿನಲ್ಲಿ. ಲ್ಯಾಬಿನಲ್ಲಿ ಮೇಡಂ ಮುಂದೆ, ಇಡೀ ಕ್ಲಾಸಿನ ಮುಂದೆ ನಿಂತು, "ನಿನ್ನೆ ಪುಡಿ ಎರಡು ಸಲ ಹಾಕಿದ್ದು ನಾನು. ನನಗೆ ಮರೆವಿದೆ. ನನಗೆ ಅದು ನಿನ್ನೆ ಸಂಜೆ ಗೊತ್ತಾಯ್ತು," ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ.

ಬಾಗಿಲಲ್ಲಿ ನಿಂತಿದ್ದ ಮಾಸ್ತರರನ್ನು ಮೇಡಂ ಪಕ್ಕಕ್ಕೆ ಕರೆದು, "ನೀವು ತಂದೆ ಅಂತ ನಂಬಿದೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಮಗಳನ್ನೂ ಕರೆದು ಅವರೇ ದಾರಿ ಹೇಳಿದರು: ಈ ವರ್ಷ ಬೆಳಗಿನ ತರಗತಿ ಮಾತ್ರ, ಅರ್ಧ ವಿಷಯ. ಲ್ಯಾಬಿನಲ್ಲಿ ಏನು ಹಾಕಿದರೂ ಜೊತೆಯವರಿಗೆ ಬಾಯಿಬಿಟ್ಟು ಹೇಳಿ ಹಾಕಬೇಕು, ಹಾಕಿದ ಡಬ್ಬಿಯನ್ನು ಮೇಜಿನ ಆಚೆ ಬದಿಗೆ ಸರಿಸಬೇಕು. ಡಾಕ್ಟರಿಗೂ ಇದ್ದದ್ದು ಇದ್ದ ಹಾಗೆ ತಿಳಿಸಬೇಕು. "ಒಂದು ವರ್ಷ ಹೆಚ್ಚಾಗುತ್ತೆ. ಪರವಾಗಿಲ್ಲ ತಾನೇ?" ಎಂದರು. ಪರವಾಗಿಲ್ಲ ಎಂದಳು ಮಗಳು.

ಸೋಡಾಬುಡ್ಡಿ ಮೆಟ್ಟಿಲ ಮೇಲೆ ಕೂತಿದ್ದಳು. ಮಾಸ್ತರರು ಅವಳ ಮುಂದೆ ನಿಂತು ಕೈಮುಗಿದರು. "ತಪ್ಪಾಯ್ತಮ್ಮ," ಎಂದರು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

"ಮೇಡಂ ನಿನ್ನೆ ನಮ್ಮಪ್ಪನಿಗೂ ಫೋನ್ ಮಾಡಿದ್ರು ಅಂಕಲ್. ನಮ್ಮಪ್ಪ ಏನಂದ್ರು ಗೊತ್ತಾ? ಅವಳಪ್ಪ ಅಷ್ಟು ಗಟ್ಟಿಯಾಗಿ ಹೇಳ್ತಿದ್ದಾರೆ ಅಂದ್ರೆ ನೀನೇ ಮಾಡಿರ್ತೀಯ ಅಂದ್ರು."

ಮಾಸ್ತರರಿಗೆ ಮುಗಿದ ಕೈ ಇಳಿಸುವುದೂ ಮರೆತುಹೋಯಿತು.

ಆ ವಾರ, ಅದರ ಮುಂದಿನ ವಾರ ಮನೆಯಲ್ಲಿ ಜಗಳವೋ ಜಗಳ. ದೊಡ್ಡವಳು ತನ್ನ ತಪ್ಪನ್ನು ಆಗಿಂದಾಗಲೇ ಹೇಳಬೇಕೆಂದು ಎಲ್ಲರನ್ನೂ ಪೀಡಿಸಿದಳು. ತಾಯಿ ಹೇಳುತ್ತಿದ್ದಳು, ಹೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಮುಲಾಜಿಲ್ಲದೆ ಹೇಳುತ್ತಿದ್ದಳು, ಆದರೆ ಅವಳಿಗೇ ಅರ್ಧ ಮರೆತಿರುತ್ತಿತ್ತು. ಮಾಸ್ತರರಿಗೆ ಮಾತ್ರ ಸಾಧ್ಯವೇ ಆಗುತ್ತಿರಲಿಲ್ಲ. ಮಗಳು ಎರಡನೇ ಸಲ ಕೇಳಿದ ಕೂಡಲೇ ಅವರ ಬಾಯಿಗೆ ಹೊಸ ಉತ್ತರ ತಾನಾಗಿ ಬಂದುಬಿಡುತ್ತಿತ್ತು. ಚಿಕ್ಕವಳು, "ಅಪ್ಪಾ!" ಎಂದು ಚೀರುತ್ತಿದ್ದಳು.

ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ದೊಡ್ಡವಳು ಹೇಳಿದಳು. "ನಾನು ಸೋಡಾಬುಡ್ಡಿ ರೂಮಿಗೆ ಹೋಗ್ತೀನಿ. ಶನಿವಾರ ಬಂದು ಸೋಮವಾರ ಹೋಗ್ತೀನಿ. ಅವಳು ಒಪ್ಪಿದ್ದಾಳೆ."

"ನಮ್ಮನ್ನ ಬಿಟ್ಟು? ಆ ಗೂಡಿಗೆ?" ಮಾಸ್ತರರಿಗೆ ದಿಕ್ಕೇ ತೋಚಲಿಲ್ಲ. "ನಿನ್ನ ನೋಡ್ಕೊಳ್ಳೋರು ಯಾರು?"

"ನೋಡ್ಕೊಳ್ಳೋದು ಬೇಡಪ್ಪ. ಹೇಳೋರು ಬೇಕು. ನಾನು ಎಷ್ಟು ಮರೀತೀನಿ ಅನ್ನೋದು ನನಗೆ ಗೊತ್ತಾಗ್ಬೇಕು. ಇಲ್ಲಿದ್ರೆ ಗೊತ್ತಾಗಲ್ಲ. ನೀನು ಬಿಡಲ್ಲ."

"ನೀನಾದ್ರೂ ಹೇಳೇ!" ಎಂದು ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಅವಳು ಆಗಲೇ ಅಟ್ಟದ ಮೇಲಿನಿಂದ ಮಗಳ ಪೆಟ್ಟಿಗೆ ಇಳಿಸಲು ಸ್ಟೂಲು ಹಾಕುತ್ತಿದ್ದಳು.

ರೂಮು ನಿಜಕ್ಕೂ ಗೂಡೇ. ಎರಡು ಮಂಚ, ಒಂದು ಕಿಟಕಿ, ಮೂಲೆಯಲ್ಲಿ ಒಂದು ಸ್ಟವ್. ಮಾಸ್ತರರು ಪೆಟ್ಟಿಗೆ ಇಟ್ಟು, ಕಿಟಕಿಯ ಚಿಲಕ ಅಲ್ಲಾಡಿಸಿ ನೋಡಿದರು, ಸ್ಟವ್‌ನ ತಿರುಗಣಿ ಮುಟ್ಟಿ ನೋಡಿದರು. ಕೆಲಸವಿಲ್ಲದಿದ್ದರೂ ಅಲ್ಲೇ ಸುಳಿದಾಡಿದರು. ಮಗಳು ಹಾಸಿಗೆ ಬಿಡಿಸುತ್ತಿದ್ದಳು. "ಅಪ್ಪ, ಊಟ ಆಯ್ತಾ?" ಎಂದು ಕೇಳಿದಳು. ಎಲ್ಲ ಹೊರಬಿದ್ದ ಆ ಸಂಜೆಯ ನಂತರ ಅವಳಾಗಿ ಅವರನ್ನು ವಿಚಾರಿಸಿದ್ದು ಅದೇ ಮೊದಲು. ಆಯ್ತು ಮಗಳೇ, ಎಂದರು ಮಾಸ್ತರರು.

ಅವಳು ದಿಂಬಿಗೆ ಬಟ್ಟೆ ಹಾಕಿದಳು, ಪುಸ್ತಕ ಜೋಡಿಸಿದಳು. "ಬಾತ್‌ರೂಮ್ ಯಾವ ಕಡೆ?" ಎಂದು ಕೇಳಿದಳು.

"ಅದನ್ನ ಆಗಲೇ ಕೇಳಿದ್ದೀಯ. ಎಡಗಡೆ," ಎಂದಳು ಸೋಡಾಬುಡ್ಡಿ, ಪುಸ್ತಕದಿಂದ ತಲೆಯೆತ್ತದೆ.

"ಓ ಹೌದಾ?" ಎಂದು ದೊಡ್ಡವಳು ಎಡಗಡೆ ಹೋಗಿ ಬಂದಳು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಮಾಸ್ತರರು ಬಾಯಿ ತೆರೆದುಕೊಂಡು ನೋಡುತ್ತ ನಿಂತರು. ಇಷ್ಟು ಸಣ್ಣ ಮಾತಿಗೇ ಹೆದರಿ ತಾನು ಇಡೀ ಮನೆಯನ್ನು ನಾಟಕದ ಕಂಪನಿ ಮಾಡಿದ್ದೆನೇ ಎಂದು ಅವರಿಗೆ ಅನ್ನಿಸಿತು.

ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. ಮಧ್ಯಾಹ್ನ ತಿರುಗಿತ್ತು, ಅವಳ ಕಣ್ಣುಗಳು ದಣಿದಿದ್ದವು.

"ಅಪ್ಪ, ಊಟ ಆಯ್ತಾ?"

'ಆಯ್ತು' ಎಂಬುದು ಮಾಸ್ತರರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಇದನ್ನ ಆಗಲೇ ಕೇಳಿದೆ ಮಗಳೇ."

ಅವಳು ಬೆಚ್ಚಿದ್ದು ಅವರಿಗೆ ಕಾಣಿಸಿತು. ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಉಸಿರುಬಿಟ್ಟು, "ಹೌದಾ? ನೀನು ಏನಂದೆ?" ಎಂದಳು.

"ಆಯ್ತು ಅಂದೆ."

ಅವಳು ಅವರ ಮುಖವನ್ನೇ ನೋಡಿದಳು. "ನಿಜವಾಗ್ಲೂ ಆಗಿತ್ತಾ?"

"ಇಲ್ಲ," ಎಂದರು ಮಾಸ್ತರರು. "ಬೆಳಗಿಂದ ಏನೂ ತಿಂದಿಲ್ಲ."

"ಹಾಗಾದ್ರೆ ಒಳಗೆ ಬಾ," ಎಂದು ಮಗಳು ಅವರ ಕೈ ಹಿಡಿದಳು.